ಬೆಂಚಿನ ಮೇಲಿನ ರನೌಟು

ಭಾನುವಾರ ಹತ್ತೂವರೆಯ ಬಸ್ಸಿಗೆ ಮುಕ್ತತ್ತೆ ಬರುತ್ತಾಳೆ ಎಂದು ಬುಧವಾರ ಬೆಳಿಗ್ಗೆ ಗೊತ್ತಾಯಿತು. ಅಪ್ಪನ ತಂಗಿ ನಮ್ಮ ಮೆಟ್ಟಿಲು ಹತ್ತಿ ಹನ್ನೊಂದು ವರ್ಷವಾಗಿತ್ತು. ನಾನು ಹೇಳಿದ ಕೂಡಲೇ ಅಮ್ಮ ಸೌಟು ಹಿಡಿದುಕೊಂಡೇ ಹಜಾರಕ್ಕೆ ಬಂದು, ಬೆಂಚನ್ನು ನೋಡಿ, ನಿಟ್ಟುಸಿರು ಬಿಟ್ಟು ಒಳಗೆ ಹೋದಳು. ಬೆಂಚಿನ ಮೇಲೆ ಎಂದಿನಂತೆ ರನೌಟು ಉದ್ದಕ್ಕೆ ಮಲಗಿತ್ತು.

ಅತ್ತೆ ನನ್ನ ಫೋನಿಗೆ ಕಳಿಸಿದ್ದು ಇಷ್ಟೇ: "ಹಂಸಿ, ಮದುವೆ ಮಾಡ್ಕೋತಿದೀನಿ. ಭಾನುವಾರ ಕರೆಯೋಕೆ ಬರ್ತೀನಿ. ಬೆಂಚಿನ ಮೇಲೆ ಕೂರಿಸಿದ್ರೆ ಕೂತು ಕರೀತೀನಿ. ಕುರ್ಚಿ ಹಾಕಿದ್ರೆ ಪತ್ರಿಕೆ ಹೊಸ್ತಿಲ ಮೇಲಿಟ್ಟು ಅದೇ ಬಸ್ಸಿಗೆ ವಾಪಸ್. ಅಣ್ಣಯ್ಯನಿಗೆ ಹೇಳು."

ನಮ್ಮೂರಿನಲ್ಲಿ ಹೊರಗಿನವರಿಗೆ ಕುರ್ಚಿ, ಮನೆಯವರಿಗೆ ಬೆಂಚು. ಜಿಲ್ಲಾಧಿಕಾರಿ ಬಂದರೂ ಕುರ್ಚಿಯೇ. ಜಗಳವಾಡಿ ಬೇರೆಯಾದ ತಮ್ಮ ಒಂದು ದಿನ ಬಂದು ಸುಮ್ಮನೆ ಬೆಂಚಿನ ತುದಿಯಲ್ಲಿ ಕೂತರೆ ಜಗಳ ಮುಗಿಯಿತು ಎಂದರ್ಥ. ಮನೆಯ ಮಗಳಿಗೆ ಕುರ್ಚಿ ಎಳೆದರೆ ಆಮೇಲೆ ಏನು ಉಪಚಾರ ಮಾಡಿದರೂ ಅದು ಉಪಚಾರವಲ್ಲ. ಅತ್ತೆ ನಲವತ್ತೆರಡನೆಯ ವಯಸ್ಸಿಗೆ ತನ್ನ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಚಿದಾನಂದ ಅವರನ್ನು ಮದುವೆಯಾಗಲು ಹೊರಟಿದ್ದಳು. ತವರಿನ ಬೆಂಚಿನ ಮೇಲೆ ಕೂತು ಕರೆಯಬೇಕು ಅನ್ನುವುದೊಂದೇ ಅವಳ ಆಸೆ. ಆ ಬೆಂಚು ಖಾಲಿಯಿರಲಿಲ್ಲ.

"ಬರ್ಲಿ," ಅಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ. "ಒಳ್ಳೇ ಕುರ್ಚಿ ಒರೆಸಿಡು."

ನನಗೆ ಆ ಪೇಪರನ್ನು ಕಿತ್ತು ಒಲೆಗೆ ಹಾಕಬೇಕು ಅನ್ನಿಸಿತು. ಹಾಕಿದರೆ ಏನೂ ಪ್ರಯೋಜನವಿರಲಿಲ್ಲ, ಸುದ್ದಿ ಆಗಲೇ ಮನೆಯೊಳಗೆ ಇಳಿದಾಗಿತ್ತು.

ನಮ್ಮೂರಿನಲ್ಲಿ ಮನೆಯೊಳಗೆ ಬಂದ ಸುದ್ದಿ ಕೂರುತ್ತದೆ. ಅದು ಬಂದಾಗ ಅಲ್ಲಿದ್ದ ಮನೆಯವರೆಲ್ಲ ಅದರ ಬಗ್ಗೆ ಒಂದೇ ಮಾತು ಹೇಳುವವರೆಗೆ ಏಳುವುದಿಲ್ಲ. ಮನಸ್ಸಿನಲ್ಲಿ ಏನಿದೆ ಎಂದು ಅದು ಇಣುಕಲು ಹೋಗುವುದಿಲ್ಲ, ಬಾಯಿಮಾತು ಸಾಕು. ಹಾಗಾಗಿ ಜಾಣರ ಮನೆಗಳಲ್ಲಿ ಪೇಪರ್ ಬಿಚ್ಚುತ್ತಿದ್ದ ಹಾಗೇ ಎಲ್ಲರೂ ಒಟ್ಟಿಗೆ "ಕಾಲ ಕೆಟ್ಟೋಯ್ತು" ಅಂದುಬಿಡುತ್ತಾರೆ. ಯಾವ ಸುದ್ದಿಯಾದರೂ ಆ ಮಾತು ಹೊಂದುತ್ತದೆ. ಹೆಣ್ಣು ನೋಡಲು ಬಂದವರು ಹುಡುಗಿ ಹಾಡುತ್ತಾಳಾ ಎಂದು ಕೇಳುವುದಿಲ್ಲ, ಪೆಟ್ರೋಲ್ ಬೆಲೆಗೆ ಏನಂತಾಳೆ ಎಂದು ಕೇಳುತ್ತಾರೆ. ಮದುವೆಯಾಗಿ ಹೋದವಳ ಮಾತಿಗೆ ತವರಿನ ಸುದ್ದಿ ಕಾಯುವುದಿಲ್ಲ. ತಾಳಿ ಬಿದ್ದ ಗಳಿಗೆಯಿಂದ ಅವಳು ಗಂಡನ ಮನೆಯ ಎಣಿಕೆಗೆ. ಟೀವಿಯಲ್ಲಿ ಎಂಟು ಜನ ಎಂಟು ಚೌಕದೊಳಗೆ ಕೂತು ಕಿರುಚುವ ಕಾರ್ಯಕ್ರಮವನ್ನು ನಮ್ಮೂರಿನಲ್ಲಿ ಒಬ್ಬೊಬ್ಬರೇ ಇರುವವರು ಮಾತ್ರ ನೋಡುತ್ತಾರೆ. ಸಂಸಾರವಂತರಿಗೆ ಅಷ್ಟು ಜಾಗವೆಲ್ಲಿದೆ?

ನನಗೆ ಮೈ ಉರಿಯುವುದು ಯಾವುದಕ್ಕೆಂದರೆ, ಇರಬೇಕಾದ ಸುದ್ದಿ ಇರುವುದಿಲ್ಲ. ಹೋದ ತಿಂಗಳು ಹೊಳೆಯ ಹೊಸ ಸೇತುವೆ ಉದ್ಘಾಟನೆಗೆ ನಾಲ್ಕು ದಿನ ಮೊದಲೇ ಕುಸಿಯಿತು. ಎಲ್ಲರ ಮನೆಯಲ್ಲೂ ಎಲ್ಲರೂ "ತಿಂದ್ಬಿಟ್ರು" ಅಂದರು. ಕಾಫಿ ಆರುವ ಮೊದಲೇ ಆ ಸುದ್ದಿ ಊರಿನ ಅಷ್ಟೂ ಮನೆಗಳಿಂದ ಎದ್ದು ಹೋಯಿತು. ಈಗ ಸೇತುವೆ ಅಂದರೆ "ಯಾವ್ ಸೇತುವೆ?" ಅನ್ನುತ್ತಾರೆ. ಆದರೆ ಯಾರೋ ನಟಿ ಕೂದಲು ಮೋಟಾಗಿ ಕತ್ತರಿಸಿಕೊಂಡ ಸುದ್ದಿ ಎದುರುಮನೆಯಲ್ಲಿ ಮೂರು ತಿಂಗಳಿಂದ ರುಬ್ಬುವ ಕಲ್ಲಿನ ಮೇಲೆ ಕೂತಿದೆ. ಆ ಮನೆಯ ಅತ್ತೆ ಚೆನ್ನಾಗಿದೆ ಅನ್ನುತ್ತಾಳೆ, ಸೊಸೆ ಚೆನ್ನಾಗಿಲ್ಲ ಅನ್ನುತ್ತಾಳೆ. ಅವರು ಮೂರು ತಿಂಗಳಿಂದ ಪಕ್ಕದ ಬೀದಿಯಲ್ಲಿ ಹಿಟ್ಟು ರುಬ್ಬಿಸಿಕೊಂಡು ಬರುತ್ತಿದ್ದಾರೆ.

ಅಜ್ಜಿ ನನ್ನನ್ನು ಕಥೆ ಹೇಳಿಯೇ ಬೆಳೆಸಿದವಳು. ಅವಳ ಕಥೆಗಳಲ್ಲಿ ಬಾವಿಯೊಳಗೆ ಕೂತ ರಾಕ್ಷಸನಿಗೂ ಎದ್ದು ಹೋಗಲು ಒಂದು ಮಾತಿರುತ್ತಿತ್ತು. ರಾಜಕುಮಾರಿ ಏಳು ಬೆಟ್ಟ ದಾಟಿ ಆ ಮಾತನ್ನು ತರುತ್ತಿದ್ದಳು. ನಮ್ಮ ಮನೆಯಲ್ಲಿ ಆ ಮಾತು ಎಲ್ಲರಿಗೂ ಗೊತ್ತಿತ್ತು, ಹೇಳಲು ಮಾತ್ರ ಯಾರೂ ತಯಾರಿರಲಿಲ್ಲ. ಇಂಥವರಿಗೋಸ್ಕರ ಯಾವ ರಾಜಕುಮಾರಿ ಬೆಟ್ಟ ಹತ್ತುತ್ತಾಳೆ?

ರನೌಟು ಬಂದದ್ದು ನನಗೆ ಹನ್ನೆರಡು ವರ್ಷವಿದ್ದಾಗ. ಯಾವುದೋ ದೊಡ್ಡ ಕಪ್ಪಿನ ಫೈನಲ್ಲು. ಕೊನೆಯ ಓವರಿನಲ್ಲಿ ನಮ್ಮವನು ಗೆರೆ ಮುಟ್ಟುವುದಕ್ಕೂ ಬೇಲ್ಸು ಹಾರುವುದಕ್ಕೂ ಒಂದೇ ಆಯಿತು. ಮೈದಾನದ ಅಂಪೈರಿಗೆ ಗೊತ್ತಾಗದೆ ಕ್ಯಾಮೆರಾವನ್ನು ಕೇಳಿದರು. ಕ್ಯಾಮೆರಾ ಔಟ್ ಅಂದಿತು. ಅಪ್ಪ ಮೂವತ್ತು ವರ್ಷ ಹೈಸ್ಕೂಲ್ ಮೈದಾನದಲ್ಲಿ ಬಿಳಿ ಟೋಪಿ ಹಾಕಿಕೊಂಡು ಅಂಪೈರಾಗಿ ನಿಂತವರು. "ನಾಟೌಟ್. ಕಣ್ಣಿಗೆ ಕಾಣ್ತಿದೆ, ಕ್ಯಾಮೆರಾ ಯಾಕೆ ಬೇಕು?" ಅಂದರು. ಅತ್ತೆ, "ಬ್ಯಾಟು ಗಾಳೀಲಿದೆ ಅಣ್ಣಯ್ಯ, ಔಟೇ," ಅಂದಳು. ಚಿಕ್ಕಪ್ಪನೂ ಔಟ್ ಅಂದ. ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಅತ್ತೆ ನಗುತ್ತಾ, "ಹಾಗಾದ್ರೆ ಈ ಮೂವತ್ತು ವರ್ಷದಲ್ಲಿ ನೀನು ಎಷ್ಟ್ ಜನಾನ ಸುಮ್ಮಸುಮ್ನೆ ಮನೆಗೆ ಕಳ್ಸಿದೀಯೋ," ಅಂದಳು. ಅಪ್ಪನ ಮುಖ ಕಪ್ಪಿಟ್ಟಿತು. "ಈ ಮನೇಲಿ ನಿನ್ನ ಮಾತು ಲೆಕ್ಕಕ್ಕಿಲ್ಲ. ನೀನು ಈ ಮನೆಯವಳೇ ಅಲ್ಲ ಅಂದ್ಕೋತೀನಿ," ಅಂದರು. ಅತ್ತೆ ಮರುದಿನವೇ ಗುಡ್ಡದಾಚೆಯ ಊರಿನ ಶಾಲೆಗೆ ಟೀಚರಾಗಿ ಹೋದಳು. ರನೌಟು ಬೆಂಚಿನ ಮೇಲೆ ಉಳಿಯಿತು.

ಮೊದಮೊದಲು ಅದು ಬೆಂಚಿನ ತುದಿಯಲ್ಲಿ ಮುದುರಿ ಕೂರುತ್ತಿತ್ತು. ವರ್ಷ ಕಳೆದಂತೆ ಹರಡಿಕೊಂಡಿತು. ಅದರಿಂದ ಒದ್ದೆ ಹುಲ್ಲಿನ ವಾಸನೆ, ಹಳೆಯ ಪ್ಯಾಡಿನ ಬೆವರಿನ ವಾಸನೆ. ಅಪ್ಪ ಮಾತ್ರ ಊರೆಲ್ಲ, "ಅವಳ ಎಣಿಕೆ ಆವತ್ತೇ ಮುಗೀತು. ಅದು ಎದ್ದು ಹೋಗದೇ ಇರೋದು ನಮ್ಮ ತ್ರಿಯಂಬಕನ ಹಟದಿಂದ," ಎಂದು ಹೇಳಿಕೊಂಡು ತಿರುಗುತ್ತಿದ್ದರು. ತ್ರಿಯಂಬಕ ನನ್ನ ಚಿಕ್ಕಪ್ಪ. ಅಜ್ಜಿ ಆರು ತಿಂಗಳಿಗೊಮ್ಮೆ ಮೊಣಕಾಲು ತೋರಿಸುವ ನೆಪದಲ್ಲಿ ಬಸ್ಸು ಹತ್ತಿ ಮಗಳನ್ನು ನೋಡಿಕೊಂಡು ಬರುತ್ತಿದ್ದಳು. ಅಪ್ಪ ಪ್ರತಿ ಸಲವೂ ತಪ್ಪದೆ, "ಡಾಕ್ಟ್ರು ಚೆನ್ನಾಗಿದಾರಾ?" ಎಂದು ಕೇಳುತ್ತಿದ್ದರು.

ಗುರುವಾರ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಅತ್ತೆ ಬರುವ ಹೊತ್ತಿಗೆ ಹಜಾರವಾದರೂ ನೆಟ್ಟಗಿರಲಿ ಎಂದು ಮೊದಲು ಸಣ್ಣಪುಟ್ಟವನ್ನು ಎಬ್ಬಿಸಲು ಹೊರಟೆ. ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಯಂತ್ರದ ಸುದ್ದಿ ಊಟದ ಮೇಜಿನ ಮೇಲೆ ಎರಡು ತಿಂಗಳಿಂದ ಕೂತಿತ್ತು. ಕೇಳದಿದ್ದಕ್ಕೂ ಉತ್ತರ ಹೇಳುತ್ತಿತ್ತು. ಉಪ್ಪು ಕೊಡಿ ಅಂದರೆ ಉಪ್ಪಿನ ಐದು ಪ್ರಯೋಜನಗಳನ್ನು ವಿವರಿಸುತ್ತಿತ್ತು. ತಾಲ್ಲೂಕು ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುವ ಚಿಕ್ಕಪ್ಪನ ಪ್ರಕಾರ ಅದು ಅನಾಹುತ. ಅಮ್ಮನ ಪ್ರಕಾರ ವರದಾನ.

"ಅತ್ತಿಗೆ, ನಾಳೆ ಅದು ಅರ್ಜೀನೂ ಬರ್ದ್ಬಿಡತ್ತೆ, ಅರ್ಜಿಗೆ ಉತ್ತರಾನೂ ಬರ್ದ್ಬಿಡತ್ತೆ. ನಾನು, ಸಾಹೇಬ್ರು ಇಬ್ರೂ ಹುಣಸೇಮರದ ಕೆಳಗೆ ಕೂತ್ಕೊಂಡು ನೊಣ ಹೊಡೀಬೇಕು," ಅಂದ ಚಿಕ್ಕಪ್ಪ.

"ಈಗೇನು ಮಾಡ್ತಿದೀರಪ್ಪ ಇಬ್ರೂ?" ಅಂದಳು ಅಮ್ಮ. "ನನ್ನ ಮೊಸರು ಯಾಕೆ ಲೋಳೆಯಾಗತ್ತೆ ಅಂತ ಇಪ್ಪತ್ತೈದು ವರ್ಷದಲ್ಲಿ ಈ ಮನೇಲಿ ಒಬ್ರಾದ್ರೂ ಯೋಚ್ನೆ ಮಾಡಿದ್ರಾ? ಅದು ಕೇಳ್ದೆ ಹೇಳ್ತು."

"ಅಮ್ಮ, ಅತ್ತೆ ಬರ್ತಾಳೆ," ಅಂದೆ.

ಅಮ್ಮ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. "ಆಯ್ತು. ಅನಾಹುತ. ಸಾಕಾ? ಇನ್ಮೇಲೆ ಮೊಸರಿನ ವಿಷಯ ನಿಮ್ಮ ಚಿಕ್ಕಪ್ಪನ್ನೇ ಕೇಳ್ತೀನಿ."

ಉಳಿದವರೂ ಅನಾಹುತ ಅಂದೆವು. ಅದು ಮೇಜಿನಿಂದಿಳಿದು, ಬಾಗಿಲಲ್ಲಿ ತಿರುಗಿ, ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿ ಹೋಯಿತು.

ಶುಕ್ರವಾರ ಪ್ರತಿಮೆ. ಕೆರೆಯ ಏರಿಯ ಮೇಲೆ ನಿಲ್ಲಿಸುವ ಪ್ರತಿಮೆ ನೂರಡಿ ಇರಬೇಕೆಂದು ಅಪ್ಪ, ಎಂಬತ್ತಡಿ ಸಾಕೆಂದು ಚಿಕ್ಕಪ್ಪ. ಯಾರ ಪ್ರತಿಮೆ ಎಂದು ಕೇಳಿದರೆ ಇಬ್ಬರಿಗೂ ನೆನಪಿಲ್ಲ. ಆ ಸುದ್ದಿ ತಲೆ ಬಗ್ಗಿಸಿಕೊಂಡು ಮೂಲೆಯಲ್ಲಿ ನಿಂತೂ ನಿಂತೂ ಅಟ್ಟದ ಹಲಗೆ ಮೇಲೆದ್ದಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ತೊಂಬತ್ತು ಅನ್ನಿ, ತೊಂಬತ್ತೈದು ಅನ್ನಿ ಎಂದು ಇಬ್ಬರ ನಡುವೆ ಓಡಾಡಿದೆ. ಕಡೆಗೆ ಅಜ್ಜಿ ಎಲೆ ಮಡಿಸುತ್ತಾ, "ಅಷ್ಟೆತ್ತರದಾಗೆ ಆ ಪುಣ್ಯಾತ್ಮನ ಮುಖ ಯಾರಿಗ್ ಕಾಣತ್ತೆ?" ಅಂದಳು. "ಯಾರಿಗೂ ಕಾಣಲ್ಲ," ಎಂದು ಅಪ್ಪ, ಚಿಕ್ಕಪ್ಪ ಒಟ್ಟಿಗೇ ಅಂದುಬಿಟ್ಟರು. ನಾನೂ ಅಮ್ಮನೂ ಸಮಯ ಕಳೆಯದೆ ಅದನ್ನೇ ಹೇಳಿದೆವು. ಪ್ರತಿಮೆ ಹೋಯಿತು. ಅಟ್ಟದ ಹಲಗೆ ಸ್ವಸ್ಥಾನಕ್ಕೆ ಬಂತು.

ಶನಿವಾರಕ್ಕೆ ಉಳಿದದ್ದು ರನೌಟು. ಅಪ್ಪನ ಹತ್ತಿರ ಹೋಗಿ ನೆಲದ ಮೇಲೆ ಕೂತೆ. "ಅಪ್ಪ, ಒಂದೇ ಒಂದ್ಸಲ ಔಟ್ ಅಂದ್ಬಿಡಿ. ಮನಸ್ಸಿನಲ್ಲಿ ನಾಟೌಟ್ ಅಂದ್ಕೊಳಿ, ಯಾರು ಬೇಡ ಅಂತಾರೆ?"

"ಬೆರಳೆತ್ತಿದ ಮೇಲೆ ನಾನು ಯಾವತ್ತೂ ಇಳಿಸಿಲ್ಲ ಮಗಳೇ."

"ಆ ಮ್ಯಾಚಲ್ಲಿ ನೀವು ಬೆರಳೇ ಎತ್ತಿಲ್ಲ. ನೀವು ಬೆಂಚಿನ ಮೇಲೆ ಕಡ್ಲೇಕಾಯಿ ತಿಂತಿದ್ರಿ."

"ಅದೇ ಮತ್ತೆ. ಎತ್ತದೇ ಇದ್ದ ಬೆರಳನ್ನ ಈಗ ಎತ್ತಲಾ?"

ಇವರ ಜೊತೆ ಮಾತಾಡುವುದಕ್ಕಿಂತ ಬಾವಿಯ ರಾಕ್ಷಸನೇ ವಾಸಿ ಎಂದುಕೊಂಡು ಚಿಕ್ಕಪ್ಪನ ಹತ್ತಿರ ಹೋದೆ. ಚಿಕ್ಕಪ್ಪ ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತಿದ್ದ. "ಹನ್ನೊಂದು ವರ್ಷ ಅವಳ ಪರವಾಗಿ ನಾನೊಬ್ನೇ ಔಟ್ ಅಂತ ಹೇಳ್ಕೊಂಡ್ ಬಂದೆ, ಹಂಸಿ. ಈಗ ಅವಳನ್ನ ಕೂರ್ಸೋಕೆ ನಾಟೌಟ್ ಅನ್ನು ಅಂತೀಯ." ಆಮೇಲೆ ಮುಚ್ಚಳ ಹಾಕಿದ. "ನಡಿ. ಕರಿ ಎಲ್ಲರನ್ನೂ."

ಸಂಜೆ ದೀಪ ಹಚ್ಚುವ ಮೊದಲು ಐದೂ ಜನ ಬೆಂಚಿನ ಮುಂದೆ ಸಾಲಾಗಿ ನಿಂತೆವು. ಅಪ್ಪ ಎದೆಯುಬ್ಬಿಸಿ ನಾಟೌಟ್ ಅಂದರು. ಅಮ್ಮ ಅಂದಳು. ನಾನು ಅಂದೆ. ಅಜ್ಜಿ, "ಅದೇನೋ ಅಂತೀರಲ್ಲ, ಅದು. ನಾಟೋಟು," ಅಂದಳು. ಚಿಕ್ಕಪ್ಪ ಗೋಡೆ ನೋಡುತ್ತಾ, ಔಷಧಿ ನುಂಗುವವನ ಹಾಗೆ, ನಾಟೌಟ್ ಅಂದ.

ರನೌಟು ಮಗ್ಗುಲು ಬದಲಿಸಿತು. ಅಷ್ಟೇ.

"ನೀನ್ ಸರಿಯಾಗಿ ಹೇಳ್ಲಿಲ್ಲ," ಅಂದರು ಅಪ್ಪ.

"ಇನ್ನೇನು, ಸ್ಟ್ಯಾಂಪ್ ಪೇಪರ್ ಮೇಲೆ ಬರ್ದುಕೊಡ್ಲಾ ಅಣ್ಣಯ್ಯ?"

ಮತ್ತೆ ಹೇಳಿದೆವು. ಜೋರಾಗಿ ಹೇಳಿದೆವು. ಅಜ್ಜಿಯ ನಾಟೋಟು ಸರಿಯಿಲ್ಲವೇನೋ ಎಂದು ಅಪ್ಪ ಅವಳಿಗೆ ಮೂರು ಸಲ ಉಚ್ಚಾರ ಹೇಳಿಕೊಟ್ಟರು. ಬೀದಿಯಲ್ಲಿ ಹೋಗುವವರು ಕಿಟಕಿಯಲ್ಲಿ ಇಣುಕಿ ಯಾವ ಮ್ಯಾಚು ಎಂದು ಕೇಳಿದರು. ನನಗೆ ಅಳು ಬರುವ ಹಾಗಿತ್ತು. ಮೂರು ದಿನದಿಂದ ಒಬ್ಬೊಬ್ಬರ ಗದ್ದ ಹಿಡಿದು ಬೇಡಿದ್ದಕ್ಕೆ ಈ ದರಿದ್ರದ್ದು ಮಗ್ಗುಲು ಬದಲಿಸುತ್ತದಂತೆ!

ಆಗ ಅಜ್ಜಿ ಅಪ್ಪನಿಂದ ಶುರುಮಾಡಿ ಒಂದೊಂದೇ ಬೆರಳು ಮಡಿಸಿದಳು. "ಭೂಷಣ, ನೀನು. ಸೊಸೆ. ತ್ರಿಯಂಬಕ. ಮಗು. ನಾನು. ಐದಾಯ್ತು." ತಲೆಯೆತ್ತಿ ಅಪ್ಪನನ್ನು ನೋಡಿದಳು. "ಅದು ಆರನೇದಕ್ಕೆ ಕಾಯ್ತಿದೆ ಕಣಪ್ಪ."

ಹನ್ನೊಂದು ವರ್ಷದಲ್ಲಿ ರನೌಟಿನ ಬಗ್ಗೆ ಅಪ್ಪ, ಚಿಕ್ಕಪ್ಪ ಒಂದೇ ಮಾತು ಹೇಳಿದ್ದು ಇದೇ ಮೊದಲು. ಹಾಗಾಗಿ ಅದು ಯಾರ ಮಾತಿಗೆ ಕಾಯುತ್ತಿದೆ ಎಂದು ಗೊತ್ತಾಗಲು ದಾರಿಯೇ ಇರಲಿಲ್ಲ. ಎಣಿಕೆ ಮುಗಿಯಿತು ಎಂದು ಅಪ್ಪ ಊರಿಗೆಲ್ಲ ಸಾರಿದ್ದರು. ರನೌಟು ಅದನ್ನು ಕೇಳಿಸಿಕೊಂಡೂ ಅಲ್ಲೇ ಮಲಗಿತ್ತು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಮೈದಾನದ ಕಡೆ ಹೋದರು. ಊಟದ ಹೊತ್ತಿಗೆ ಬಂದು ತಲೆ ತಗ್ಗಿಸಿ ಉಂಡರು. ಮೊಸರು ಲೋಳೆಯಾಗಿದ್ದರೂ ಮಾತಾಡಲಿಲ್ಲ.

ಭಾನುವಾರ ಬೆಳಿಗ್ಗೆ ಹಜಾರದ ಮಧ್ಯೆ ಒರೆಸಿಟ್ಟ ಕುರ್ಚಿಯಿತ್ತು. ಅದನ್ನು ಇಟ್ಟವರು ಅಪ್ಪನೋ, ಬುಧವಾರದ ಮಾತು ಕೇಳಿ ಅಮ್ಮನೋ ಎಂದು ನಾನು ಕೇಳಲು ಹೋಗಲಿಲ್ಲ. ಬೆಂಚಿನ ಮೇಲಂತೂ ಜಾಗವಿರಲಿಲ್ಲ. ಹನ್ನೊಂದು ಗಂಟೆಗೆ ಗೇಟು ಕಿರುಗುಟ್ಟಿತು.

ಅತ್ತೆ ಸ್ವಲ್ಪ ದಪ್ಪವಾಗಿದ್ದಳು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ಕೈಯಲ್ಲಿ ಅರಿಶಿನ ಹಚ್ಚಿದ ಪತ್ರಿಕೆ. ಹೊಸ್ತಿಲಾಚೆ ನಿಂತು ಮೊದಲು ನೋಡಿದ್ದು ಕುರ್ಚಿಯನ್ನು. ಅವಳ ಮುಖದಲ್ಲಿದ್ದ ನಗು ಹಾಗೇ ನಿಂತುಹೋಯಿತು. ಪತ್ರಿಕೆ ಹಿಡಿದ ಕೈ ಹೊಸ್ತಿಲ ಕಡೆಗೆ ಬಗ್ಗತೊಡಗಿತು.

ಅಪ್ಪ ಒಳಕೋಣೆಯಿಂದ ಬಂದರು. ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡಿದ್ದರು. ತಂಗಿಯ ಮುಖ ನೋಡದೆ ನೇರ ಹೋಗಿ, ಕುರ್ಚಿಯನ್ನು ಎತ್ತಿ, ಹಿತ್ತಲ ಬಾಗಿಲಿನಿಂದಾಚೆ ಇಟ್ಟು ಬಂದರು. ಬರಿಗೈಯನ್ನು ಏನು ಮಾಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡರು.

"ಅದು ಹೋಗ್ಲಿಲ್ಲ ಮುಕ್ತಾ," ಅಂದರು. "ನಾವು ಐದೂ ಜನ ಹೇಳಿದ್ವಿ. ನೀನು ಹೇಳೋವರೆಗೂ ಏಳಲ್ವಂತೆ."

ಅತ್ತೆ ಬೆಂಚನ್ನು ನೋಡಿದಳು. ಅಪ್ಪನನ್ನು ನೋಡಿದಳು. ಅವಳು ಟೀಚರು, ಲೆಕ್ಕ ತಿಳಿಯಲು ಹೊತ್ತು ಬೇಕಾಗಲಿಲ್ಲ.

"ಐದೂ ಜನ ಏನಂತ ಹೇಳಿದ್ರಿ?"

"ನಾಟೌಟ್ ಅಂತ."

"ತ್ರಿಯಂಬಕಾನೂ?"

ಚಿಕ್ಕಪ್ಪ ಕಂಬದ ಹಿಂದೆ ಸರಿದ. "ಅಕ್ಕ, ನಿನ್ನ ಕೂರಿಸೋಕೇ..."

"ನಾಚಿಕೆಯಾಗ್ಬೇಕು ನಿಂಗೆ," ಅಂದಳು ಅತ್ತೆ, ಚಪ್ಪಲಿ ಬಿಟ್ಟು ಒಳಗೆ ಬರುತ್ತಾ. "ಅದು ಔಟ್. ಅವತ್ತೂ ಔಟ್, ಇವತ್ತೂ ಔಟ್. ಬ್ಯಾಟು ಗಾಳೀಲಿತ್ತು."

"ಎಲ್ಲಿತ್ತು ಗಾಳೀಲಿ? ಗೆರೆ ಮೇಲಿತ್ತು!"

"ಗೆರೆ ಮೇಲಿದ್ರೂ ಔಟೇ ಅಣ್ಣಯ್ಯ, ಗೆರೆ ದಾಟ್ಬೇಕು. ಮೂವತ್ತು ವರ್ಷ ಅದೇನ್ ಅಂಪೈರಿಂಗ್ ಮಾಡ್ದೆಯೋ!"

ಹನ್ನೊಂದು ವರ್ಷದ ಹಿಂದೆ ಮನೆ ಒಡೆದ ಮಾತು ಮತ್ತೆ ಅದೇ ಬಾಯಿಂದ ಬಿತ್ತು. ಅಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ಅಪ್ಪ ಅತ್ತೆಯನ್ನೇ ದಿಟ್ಟಿಸಿದರು. "ಲೇ," ಅಂದರು. ಆಮೇಲೆ ಏನಾಯಿತೋ, ಅವರ ಹೆಗಲು ಕುಲುಕತೊಡಗಿತು. ನಕ್ಕು ನಕ್ಕು ಕಂಬ ಹಿಡಿದುಕೊಂಡರು. "ತಪ್ಪಾಗಿ ಕಳಿಸಿದ್ದೀನಿ ಕಣೇ ಬೇಕಾದಷ್ಟು ಜನಾನ. ನಿನ್ನನ್ನ ಸೇರಿಸ್ಕೊಂಡು."

"ಕೂರೇ ಮೊದ್ಲು," ಅಂದಳು ಅಜ್ಜಿ.

ಅತ್ತೆ ಬೆಂಚಿನ ಹತ್ತಿರ ಹೋಗಿ, ಪಕ್ಕದಲ್ಲಿ ಮಲಗಿದ ಮಗುವಿಗೆ ಹೇಳುವ ಹಾಗೆ, "ಸ್ವಲ್ಪ ಸರಿ," ಅಂದಳು. ನಾವು ಯಾರು ಹೇಳಿದ್ದರೂ ಅದು ಕೇಳುತ್ತಿರಲಿಲ್ಲ. ಈಗ ಕಾಲು ಎನ್ನಬಹುದಾದದ್ದನ್ನು ಮಡಿಸಿಕೊಂಡು ಒಬ್ಬರಿಗಾಗುವಷ್ಟು ಜಾಗ ಬಿಟ್ಟಿತು. ಅತ್ತೆ ಕೂತಳು. ಕೂತು, ಸೀರೆಯ ನೆರಿಗೆ ಸರಿಮಾಡಿಕೊಂಡು, ಪತ್ರಿಕೆ ಕೊಟ್ಟು, ಮನೆಯವರೆಲ್ಲ ಎರಡು ದಿನ ಮುಂಚೆಯೇ ಬರಬೇಕು ಎಂದು ಕ್ರಮವಾಗಿ ಕರೆದಳು.

"ಬರ್ತೀನಿ," ಅಂದರು ಅಪ್ಪ. "ಆದ್ರೆ ಅದು ನಾಟೌಟ್."

ಸಂಜೆ ಅತ್ತೆಯನ್ನು ಬಸ್ಸು ಹತ್ತಿಸಿ ಬಂದೆವು. ಅಪ್ಪ ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು, ದೂರ ಹಿಡಿದು ಓದಿದರು. "ಇಪ್ಪತ್ತೆರಡು ದಿನ," ಅಂದರು ಯಾರಿಗೂ ಅಲ್ಲದ ಹಾಗೆ. ಯಾತಕ್ಕೆ ಎಣಿಸುತ್ತಿದ್ದಾರೆಂದು ನನಗೆ ಥಟ್ಟನೆ ಹೊಳೆಯಿತು. ತಾಳಿ ಬಿದ್ದ ಕೂಡಲೇ ಅತ್ತೆ ಬೇರೆ ಮನೆಯ ಎಣಿಕೆಗೆ ಹೋಗುತ್ತಾಳೆ. ಇಲ್ಲಿ ಉಳಿದ ಐವರೂ ಶನಿವಾರ ಸಂಜೆಯೇ ನಾಟೌಟ್ ಅಂದಾಗಿದೆ. ಅಲ್ಲಿ ವಾಲಗ ಊದುವ ಹೊತ್ತಿಗೆ ಇಲ್ಲಿ ಬೀಗ ಹಾಕಿದ ಮನೆಯಿಂದ ರನೌಟು ಎದ್ದು ಹೊರಟುಹೋಗುತ್ತದೆ, ಸೇತುವೆಯ ಹಾಗೆ ಎಲ್ಲರಿಗೂ ಮರೆತೂ ಹೋಗುತ್ತದೆ. ಬೆಂಚು ಖಾಲಿಯಾಗುತ್ತದೆ. ನಾನು ಬುಧವಾರದಿಂದ ಒದ್ದಾಡಿದ್ದು ಅದಕ್ಕೇ ತಾನೇ?

ಅಪ್ಪ ಕೆಮ್ಮಿದರು. "ತ್ರಿಯಂಬಕ, ನಿನ್ನೆ ಏನೋ ಮುಲಾಜಿಗೆ ಅಂದ್ಬಿಟ್ಟೆ ನೀನು. ನಿಂಗೆ ಔಟ್ ಅನ್ಸಿದ್ರೆ ಔಟ್ ಅಂತಾನೇ ಹೇಳಪ್ಪ. ನಾನೇನೂ ಬೇಜಾರು ಮಾಡ್ಕೊಳಲ್ಲ."

"ನಾನೇನು ಬುಗುರಿಯಾ ಅಣ್ಣಯ್ಯ, ನೀನು ತಿರುಗ್ಸಿದಾಗೆಲ್ಲ ತಿರುಗೋಕೆ?" ಚಿಕ್ಕಪ್ಪ ಸಿಡುಕಿದ. "ನಂಗೆ ಇವತ್ತಿಗೆ ಇಷ್ಟು ಸಾಕು. ಬೆಳಗಿಂದ ಬೈಸ್ಕೊಂಡಿದೀನಿ." ಅಂಗಿ ಕಳಚಿ ನೀರು ಹಾಕಿಕೊಳ್ಳಲು ಹೋದ.

ಅಪ್ಪ ಬೆಂಚಿನ ಮುಂದೆ ಬರಿಗೈಯಲ್ಲಿ ನಿಂತರು. ಇಡೀ ವಾರ ನನ್ನ ಪ್ರಾಣ ತಿಂದವರನ್ನು ನೋಡಿ ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಸಿಟ್ಟಿನ ಜೊತೆಗೇ ಇನ್ನೊಂದು ಯೋಚನೆಯೂ ಬಂತು: ಅತ್ತೆ ಮುಂದಿನ ಸಲ ಬಂದಾಗ ಅವಳ ಮಾತು ಹೇಳುವವರು ಈ ಮನೆಯಲ್ಲಿ ಒಬ್ಬರಾದರೂ ಇರಬೇಕಲ್ಲ.

"ಔಟ್," ಅಂದೆ.

ಅಪ್ಪ ಗರಕ್ಕನೆ ತಿರುಗಿದರು. "ಏನಂದೆ?"

"ಬ್ಯಾಟು ಗಾಳೀಲಿತ್ತು ಅಪ್ಪ."

"ನೀನು ಆಗ ಹನ್ನೆರಡು ವರ್ಷದ ಮಗು! ನಿಂಗೇನ್ ಗೊತ್ತು? ಬಾ ಇಲ್ಲಿ. ಕೂತ್ಕೊ. ಇದು ಗೆರೆ ಅಂದ್ಕೋ." ಅವರು ನೆಲದ ಮೇಲೆ ಅಮ್ಮನ ಸೌಟನ್ನು ಅಡ್ಡಲಾಗಿ ಇಟ್ಟು, ಮಂಡಿಯೂರಿ, ಮಡಿಸಿದ ಛತ್ರಿಯನ್ನು ಬ್ಯಾಟಿನ ಹಾಗೆ ಚಾಚಿದರು. ಕಣ್ಣು ಹೊಳೆಯುತ್ತಿತ್ತು. ಊಟದ ಹೊತ್ತು ಮೀರಿತು. ಒಳಗಿನಿಂದ ಅಮ್ಮ ಸೌಟು ಎಲ್ಲಿ ಎಂದು ಕೂಗುತ್ತಲೇ ಇದ್ದಳು.